ಸೈಲೆನ್ಸರಿನಲ್ಲಿ ತೆಂಗಿನ ನಾರು

ನನ್ನ ದುಡಿಮೆಯ ಕಾಲವೆಲ್ಲ ಕಾರುಗಳ ಹಿಂದುಗಡೆಯೇ ಕಳೆಯಿತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿ ಸರದಿಯ ಮೇಲೆ ನಿಲ್ಲುತ್ತಿದ್ದ ಹೊಗೆ ತಪಾಸಣೆಯ ವ್ಯಾನಿನಲ್ಲಿ ನಾನು ಕೆಲಸಕ್ಕಿದ್ದೆ. ಗಾಡಿ ಬಂದು ನಿಂತರೆ ಅದರ ಸೈಲೆನ್ಸರಿನ ಬಾಯಿಗೆ ಕೊಳವೆ ತೂರಿಸುವುದು, ಯಂತ್ರ ತೋರಿಸಿದ್ದನ್ನು ಓದುವುದು, ಪಾಸಾದರೆ ಸರ್ಟಿಫಿಕೇಟ್ ಕೊಡುವುದು. ವಿಶಾಲಾಕ್ಷಿ ಅಂತ ಅಪ್ಪ ಅಮ್ಮ ಇಟ್ಟ ಹೆಸರು. ಮೂರೂ ಊರಿನವರು ಸೇರಿ ಅದನ್ನು ‘ಹೊಗೆ ವಿಶಾಲಮ್ಮ’ ಅಂತ ತಿದ್ದಿದರು. ನನಗೇನೂ ಬೇಜಾರಿರಲಿಲ್ಲ. ನಮ್ಮ ಮನೆಯವರನ್ನು ಯಾರಾದರೂ ‘ಹೊಗೆಯಮ್ಮನ ಯಜಮಾನ್ರು’ ಅಂದರೆ ಮಾತ್ರ ಅವರು ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದರು.

ಈಗ ರಿಟೈರಾಗಿ ಮನೆಯಲ್ಲಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಸಿಕ್ಕಿ, “ಆಂಟಿ, ಈ ಕೆಲ್ಸದಲ್ಲಿ ಕಲಿಯೋಕೆ ಏನಿದೆ? ಎಲ್ಲಾ ಕಂಪ್ಯೂಟರ್ರೇ ಹೇಳುತ್ತಲ್ಲ” ಅಂದಳು. ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಆದರೆ ರಸ್ತೆಯಲ್ಲಿ ನಿಂತು ಪಾಠ ಮಾಡುವುದು ಬೇಡವೆಂದು ಮನೆಗೆ ಬಂದು ಇದನ್ನು ಬರೆಯಲು ಕೂತೆ. ಕಂಪ್ಯೂಟರು ಗಾಡಿಯ ವಿಷಯ ಹೇಳುತ್ತದಮ್ಮ, ಗಾಡಿಯವನ ವಿಷಯ ಹೇಳುವುದಿಲ್ಲ. ಈ ಕೆಲಸದ ಕಷ್ಟವೂ ಮಜವೂ ಇರುವುದು ಗಾಡಿಯವನಲ್ಲೇ.

ಮೊದಲನೆಯದಾಗಿ, ಚಾಲೂ ಆಗಿರುವ ಗಾಡಿಯ ಸೈಲೆನ್ಸರಿಗೆ ನೇರ ಎದುರಾಗಿ ನಿಲ್ಲಬಾರದು. ಪಕ್ಕದಲ್ಲಿ ನಿಲ್ಲಬೇಕು. ಇದನ್ನು ನಮ್ಮ ವ್ಯಾನಿನ ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದವರು ನನ್ನ ಮಾಲೀಕರು ನಂಜುಂಡಪ್ಪನವರು. ಬರೆಸಿದ ದಿನದಿಂದ ಅದನ್ನು ಪಾಲಿಸದೆ ಇದ್ದವರೂ ಅವರೊಬ್ಬರೇ. ದಿನಾ ಇಸ್ತ್ರಿ ಮಾಡಿದ ಗರಿಗರಿ ಬಿಳಿ ಷರಟು ಹಾಕಿಕೊಂಡು ಬರುತ್ತಿದ್ದರು, ಕೈಯಲ್ಲಿ ಟೀ ಲೋಟ ಹಿಡಿದು ಸರಿಯಾಗಿ ಸೈಲೆನ್ಸರಿನ ಎದುರಿಗೇ ನಿಲ್ಲುತ್ತಿದ್ದರು. ಒಂದು ಸಲ ಆಯುಧಪೂಜೆ ಮುಗಿದ ಮೇಲೆ ಒಬ್ಬ ಕಾರು ತಂದ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟವನಿಗೆ ಹಿಂದಿನ ಬಾಯಿಗೆ ಏನೂ ಇಡಲಿಲ್ಲವಲ್ಲ ಎಂದು ಅನ್ನಿಸಿ ಅಲ್ಲಿಗೂ ಒಂದನ್ನು ಒತ್ತಿ ತುರುಕಿದ್ದ. ನನ್ನ ಕೊಳವೆ ಒಳಗೆ ಹೋಗಲಿಲ್ಲ. ಯಾಕೆಂದು ಬಗ್ಗಿ ನೋಡುವಷ್ಟರಲ್ಲಿ ಅವನು ಆಕ್ಸಿಲರೇಟರ್ ಒತ್ತಿಬಿಟ್ಟ. ನಿಂಬೆಹಣ್ಣು ಹಾರಿ ಬಂದು ನಂಜುಂಡಪ್ಪನವರ ಲೋಟಕ್ಕೆ ಬಡಿಯಿತು. ಹಾಲು ಹಾಕಿದ ಟೀ ಎಲ್ಲ ಷರಟಿನ ಮೇಲೆ. ಆಗಲೂ ಅವರು ಕಲಿಯಲಿಲ್ಲ.

ಮಾಲೀಕರು ಕೆಟ್ಟವರಲ್ಲ. ಆತುರ ಜಾಸ್ತಿ, ಅಷ್ಟೆ. ಕಡೂರಿನಲ್ಲಿ ಒಂದು ಬೆಳಿಗ್ಗೆ ಗಾಡಿಗಳ ಸಾಲು ಉದ್ದವಿತ್ತು. “ಆಯ್ತು ಆಯ್ತು, ನೀವ್ ಹೊರಡಿ” ಎಂದು ಅವರೇ ಒಬ್ಬರಿಗೆ ಕೈ ಬೀಸಿದರು, ನಾನಿನ್ನೂ ಕೊಳವೆ ತೆಗೆದಿರಲಿಲ್ಲ. ಕಾರು ನಮ್ಮ ಕೊಳವೆಯನ್ನೂ ಅದರ ಹಿಂದಿನ ಮಾರುದ್ದದ ಪೈಪನ್ನೂ ಬಾಲದಂತೆ ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಿತು. ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ಮಾಲೀಕರು. “ಹಾವು, ಹಾವು” ಎಂದು ಯಾರೋ ಕಿರುಚಿದ್ದರಿಂದ ಕಾರು ನಿಂತಿತು, ಇಲ್ಲದಿದ್ದರೆ ಬೀರೂರಿನವರೆಗೂ ಓಡಬೇಕಿತ್ತು. ಅಂದಿನಿಂದ ಕೊಳವೆ ಒಳಗಿರುವಷ್ಟು ಹೊತ್ತು ಕಾರಿನ ಕೀಲಿ ನನ್ನ ಸೊಂಟದಲ್ಲಿ ಎಂಬ ಪದ್ಧತಿ ಮಾಡಿದೆ. ಇಂಜಿನ್ ಚಾಲೂ ಇರುವಾಗ ಕೀಲಿ ಹೇಗೆ ಕೊಡುವುದು ಎಂದು ಮೊದಲ ದಿನವೇ ಒಬ್ಬರು ಕೇಳಿದರು. ಆ ಪದ್ಧತಿ ಅಲ್ಲಿಗೇ ಮುಗಿಯಿತು.

ನಾನು ಸೇರಿದಾಗ ಎಲ್ಲ ಕೈಬರಹ. ಆಮೇಲೆ ಕಂಪ್ಯೂಟರ್ ಬಂತು, ಆಮೇಲೆ ನಂಬರ್ ಪ್ಲೇಟಿನ ಫೋಟೋ ತೆಗೆಯುವ ಕ್ಯಾಮೆರಾ ಬಂತು. ಕ್ಯಾಮೆರಾ ಬಂದ ದಿನ ಮಾಲೀಕರು ಮಂಕಾಗಿ ಕೂತಿದ್ದರು. ಅವರ ಹತ್ತಿರ ಒಂದು ಪಾಪದ ಕಾರಿತ್ತು, ಎಷ್ಟು ಸಲ ಕೊಳವೆ ಹಾಕಿದರೂ ಪಾಸಾಗುವಂಥದ್ದು. ಹೊಗೆ ಉಗುಳುವ ಗಾಡಿಯವರು ಬಂದು ಗೋಗರೆದರೆ, “ಅದಕ್ಕೇನ್ ವಿಶಾಲಮ್ಮ, ನನ್ ಕಾರಿಗೇ ಹಾಕ್ಬಿಡಿ” ಎನ್ನುವುದು ಅವರ ಔದಾರ್ಯ. ನಾನು ಒಪ್ಪುತ್ತಿರಲಿಲ್ಲ. ಅದಕ್ಕೆ ನಮ್ಮಿಬ್ಬರಿಗೂ ತಿಂಗಳಿಗೊಂದು ಜಗಳ ಖಾಯಂ ಆಗಿತ್ತು.

ಇನ್ನು ಸೈಲೆನ್ಸರ್ ಬದಲಿಸುವ ಹುಚ್ಚಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿನಗೆ ಮುಂದೆ ಬರುವ ಗಾಡಿಗಳಲ್ಲಿ ಇವೇ ಜಾಸ್ತಿ.

ಇದನ್ನು ನಮ್ಮ ಕಡೆ ಹಬ್ಬಿಸಿದವನು ರುದ್ರೇಶ. ಸಖರಾಯಪಟ್ಟಣದವನು, ಕಡೂರಿನಲ್ಲಿ ಗ್ಯಾರೇಜು. ಕೈಕೆಲಸದಲ್ಲಿ ಜಾಣ, ಮಾತಿನಲ್ಲಿ ಇನ್ನೂ ಜಾಣ. ಕಂಪನಿಯ ಸೈಲೆನ್ಸರ್ ಬಿಚ್ಚಿ, ಫಳಫಳ ಹೊಳೆಯುವ, ಒಳಗೆ ಅಡ್ಡ ತಗಡಿಲ್ಲದ ದಪ್ಪ ಪೈಪು ಕೂರಿಸುತ್ತಿದ್ದ. “ಇಂಜಿನ್ ಉಸ್ರು ಕಟ್ಕೊಂಡ್ ಓಡ್ತಿದೆ ಕಣ್ರೀ. ಉಸ್ರು ಬಿಡಿಸ್ಕೊಡ್ತೀನಿ, ಆಮೇಲ್ ನೋಡಿ ಪಿಕಪ್ಪು” ಎನ್ನುವುದು ಅವನ ಮಂತ್ರ.

ಅವನ ಮಾತು ಪೂರಾ ಸುಳ್ಳಲ್ಲ, ಅದೇ ತೊಂದರೆ. ತರೀಕೆರೆಯ ಒಬ್ಬರ ಟರ್ಬೊ ಡೀಸೆಲ್ ಜೀಪಿಗೆ ಅವನು ಸಲೀಸಾದ ಪೈಪು ಹಾಕಿ, ಅದಕ್ಕೆ ತಕ್ಕಂತೆ ಡೀಸೆಲ್ ಹೊಂದಿಸಿಕೊಟ್ಟಿದ್ದ. ಆ ಜೀಪು ನಿಜಕ್ಕೂ ಚುರುಕಾಯಿತು, ನಾನೇ ಕೂತು ನೋಡಿದ್ದೇನೆ. ಆದರೆ ಸಣ್ಣ ಪೆಟ್ರೋಲ್ ಕಾರಿನ ಕಥೆ ಬೇರೆ. ಮೊದಲ ಗೇರು, ಎರಡನೇ ಗೇರಿನಲ್ಲಿ ಇಂಜಿನ್ ನಿಧಾನಕ್ಕೆ ತಿರುಗುವಾಗ ಅದು ಬಿಡುವ ಹೊಗೆಯೇ ಕಡಿಮೆ. ಸಣ್ಣ ಪೈಪಿನಲ್ಲಾದರೆ ಅಷ್ಟೇ ಹೊಗೆ ಜೋರಾಗಿ ಓಡುತ್ತದೆ, ಓಡುವಾಗ ತನ್ನ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ. ದಪ್ಪ ಪೈಪಿನಲ್ಲಿ ಅದು ಸಂತೆಗೆ ಬಂದವರ ಹಾಗೆ ಅಲ್ಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಏರು ಹತ್ತುವಾಗ ಬೇಕಾದ ಎಳೆತವೇ ಕುಗ್ಗುತ್ತದೆ. ಕಡೂರು ಬೀರೂರು ನಡುವಿನ ಸಪಾಟು ರಸ್ತೆಯಲ್ಲಿ ಇಂಜಿನ್ ಪೂರ್ತಿ ಸುತ್ತು ತಿರುಗುವಾಗ ಅದೇ ದಪ್ಪ ಪೈಪು ಒಂದಿಷ್ಟು ಲಾಭ ಕೊಟ್ಟೀತು. ಅದೂ ಒಂದಿಷ್ಟೇ. ಮಿಕ್ಕಿದ್ದು ಸದ್ದು. ಸದ್ದು ಜೋರಾದರೆ ಕಾರು ಜೋರಾಯಿತೆಂದು ಕಿವಿ ನಂಬಿಬಿಡುತ್ತದೆ.

ಹಾಗೆ ನಂಬಿದವರಲ್ಲಿ ನನ್ನ ತಂಗಿ ಗೌರಿಯ ಗಂಡ ಮಂಜಪ್ಪನೂ ಒಬ್ಬ. ಅಜ್ಜಂಪುರದಲ್ಲಿ ಬಾಡಿಗೆಗೆ ಕಾರು ಓಡಿಸುತ್ತಾನೆ. ಒಳ್ಳೆಯವನು. ರುದ್ರೇಶನ ಮಾತು ಕೇಳಿ ತನ್ನ ಪುಟ್ಟ ಕಾರಿಗೆ ತೋಳು ಗಾತ್ರದ ಪೈಪು ಹಾಕಿಸಿಕೊಂಡ.

“ಪಿಕಪ್ ಜಾಸ್ತಿ ಆಯ್ತೇನಪ್ಪಾ?” ಅಂದೆ.

“ಸೌಂಡ್ ಕೇಳಕ್ಕ” ಅಂದ.

“ನಾನ್ ಕೇಳಿದ್ದು ಪಿಕಪ್ಪು.”

“ಅದೇ ಅಕ್ಕ, ಸೌಂಡ್ ಕೇಳಿದ್ರೆ ಗೊತ್ತಾಗಲ್ವಾ?”

ಗೌರಿಗೆ ಮಾತ್ರ ಒಂದು ಅನುಕೂಲವಾಗಿತ್ತು. “ಅವ್ರು ರೈಲ್ವೆ ಸ್ಟೇಷನ್ ದಾಟೋವಾಗ್ಲೇ ಇಲ್ಲಿಗ್ ಕೇಳ್ಸುತ್ತೆ ಕಣಕ್ಕ. ಆಗ ಅಕ್ಕಿ ಇಡ್ತೀನಿ. ಬಂದು ಕೈಕಾಲು ತೊಳೆಯೋ ಹೊತ್ತಿಗೆ ಸರಿಯಾಗ್ ಅನ್ನ ಆಗಿರುತ್ತೆ” ಅನ್ನುತ್ತಿದ್ದಳು. ಆದರೆ ಬಾಡಿಗೆಗೆ ಕರೆಯುವವರು ಕಡಿಮೆಯಾಗುತ್ತ ಬಂದರು. ಆಸ್ಪತ್ರೆಗೆ ಹೊರಟ ಅಜ್ಜಿಯೊಬ್ಬರು ದಾರಿಯಲ್ಲೇ ಇಳಿದು, “ನಂಗೆ ಹುಷಾರಾಯ್ತು, ನಾನ್ ಬಸ್ಸಲ್ಲಿ ವಾಪಸ್ ಹೋಗ್ತೀನಿ” ಅಂದರಂತೆ. ಪೆಟ್ರೋಲು ಮೊದಲಿಗಿಂತ ಬೇಗ ಖಾಲಿಯಾಗತೊಡಗಿತು. ಮಂಜಪ್ಪ ಇದನ್ನೆಲ್ಲ ಯಾರ ಹತ್ತಿರವೂ ಹೇಳದೆ ಇನ್ನೂ ಜೋರಾಗಿ ಆಕ್ಸಿಲರೇಟರ್ ಒತ್ತಿದ.

ಅಷ್ಟರಲ್ಲಿ ಅಜ್ಜಂಪುರ ತಾಲ್ಲೂಕು ಕೇಂದ್ರವಾಗಿ ಹೊಸ ಹೊಸ ಕಚೇರಿಗಳು ಬಂದಿದ್ದವು. ಒಂದು ಕಚೇರಿಯ ಮೇಡಂಗೆ ಹಳ್ಳಿ ಸುತ್ತಲು ಬಾಡಿಗೆ ಕಾರು ಬೇಕಾಗಿತ್ತು. ವರ್ಷಪೂರ್ತಿ ಕೆಲಸ. ಮಂಜಪ್ಪನಿಗೆ ಇದು ಸಿಕ್ಕರೆ ಗೌರಿ ನೆಮ್ಮದಿಯಾಗಿ ಉಸಿರಾಡಬಹುದು, ಸಿಗದಿದ್ದರೆ ಕಾರು ಮಾರುವುದೊಂದೇ ದಾರಿ ಎಂಬಲ್ಲಿಗೆ ಬಂದಿತ್ತು. ಗೌರಿ ಅಂತರಘಟ್ಟೆಯ ಅಮ್ಮನಿಗೆ ಹರಕೆ ಕಟ್ಟಿಕೊಂಡು ಬಂದಳು. ಮೇಡಂ ಹಾಕಿದ ಷರತ್ತು ಮೂರೇ. ಕಾಗದಪತ್ರ ಸರಿಯಿರಬೇಕು, ನಾಲ್ಕು ಜನ ಕೂತರೂ ಏರು ಹತ್ತಬೇಕು, ಕಾರಿನಲ್ಲಿ ಕೂತು ಫೋನಿನಲ್ಲಿ ಮಾತಾಡಿದರೆ ಆಚೆಯವರಿಗೆ ಕೇಳಿಸಬೇಕು. ಒಂದು ಬುಧವಾರ ಮಧ್ಯಾಹ್ನ ಊಟದ ನಂತರ ಕಾರನ್ನು ಓಡಿಸಿ ನೋಡುವುದೆಂದು ನಿಕ್ಕಿಯಾಯಿತು.

ಆ ಬುಧವಾರ ಬೆಳಿಗ್ಗೆ ನಮ್ಮ ವ್ಯಾನು ಅಜ್ಜಂಪುರದಲ್ಲೇ ಇತ್ತು, ಮೇಡಂ ಕಚೇರಿಯ ಎದುರಿಗೇ. ಹೊತ್ತೇರಿದ ಮೇಲೆ ಮಂಜಪ್ಪ ಬಂದ, ಜೊತೆಗೆ ರುದ್ರೇಶ. ಕಾರಿನ ಸದ್ದು ಇಲ್ಲವೇ ಇಲ್ಲ! ಬೆಕ್ಕಿನ ಹಾಗೆ ಬಂದು ನಿಂತಿತು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ.

“ಏನ್ ಮಾಡಿದ್ಯೋ ರುದ್ರೇಶ?”

“ನಮ್ ಟೆಕ್ನಿಕ್ಕು ಅಕ್ಕ” ಎಂದು ಕಾಲರ್ ಸರಿಮಾಡಿಕೊಂಡ.

ಕೊಳವೆ ತೂರಿಸಿದೆ. ಯಂತ್ರದ ಅಂಕಿಗಳು ಏರತೊಡಗಿದವು. ಏರುತ್ತಲೇ ಇದ್ದವು. ಇಷ್ಟು ವರ್ಷದಲ್ಲಿ ನಾನು ಅಂಥ ಅಂಕಿ ನೋಡಿರಲಿಲ್ಲ. ಜೊತೆಗೆ ಒಂದು ವಾಸನೆ. ತುಂಬಾ ಪರಿಚಯದ ವಾಸನೆ, ಎಳ್ಳೆಣ್ಣೆ ಹಚ್ಚಿಕೊಂಡು ಕೂತಿರಬೇಕು ಅನ್ನಿಸುವಂಥದ್ದು. ಟೀ ಅಂಗಡಿಯ ಬೆಂಚಿನ ಮೇಲಿದ್ದವರೊಬ್ಬರು, “ಯಾರ್ ಮನೇಲೋ ಈ ಹೊತ್ನಲ್ಲಿ ನೀರ್ ಕಾಯಿಸ್ತಾವ್ರೆ” ಅಂದರು. ನೋಡುತ್ತಿದ್ದಂತೆ ಸೈಲೆನ್ಸರಿನಿಂದ ಬೆಳ್ಳನೆಯ ಹೊಗೆ ಸುರುಳಿ ಸುರುಳಿಯಾಗಿ ಬರತೊಡಗಿತು.

“ರುದ್ರೇಶ, ಒಳಗೆ ಏನ್ ತುಂಬಿದ್ದೀಯಾ?”

ಅವನು ನೆಲ ನೋಡಿದ. “ಸದ್ದು ಹೀರೋಕೆ ಒಳ್ಗಡೆ ಗಾಜಿನ ಹತ್ತಿ ತುಂಬಬೇಕು ಅಕ್ಕ. ಅದು ಕಡೂರಲ್ಲೂ ಸಿಗ್ಲಿಲ್ಲ, ಬೀರೂರಲ್ಲೂ ಸಿಗ್ಲಿಲ್ಲ. ನಮ್ ತೋಟದ್ದು ತೆಂಗಿನ ನಾರು ಇತ್ತು. ಎರಡ್ ಚೀಲ ಹಿಡೀತು.”

ತಲೆಮಾರುಗಳಿಂದ ತೆಂಗಿನ ನಾರಿಗೆ ಬೆಂಕಿ ಹಾಕಿ ಸ್ನಾನದ ನೀರು ಕಾಯಿಸುವ ಊರಿನವನು, ಅದು ಬೆಂಕಿ ಹಿಡಿಯುತ್ತದೆ ಎಂಬುದನ್ನು ಆ ಒಂದು ಸಂಜೆ ಹೇಗೆ ಮರೆತನೋ ನನಗೆ ಈಗಲೂ ಗೊತ್ತಿಲ್ಲ. ಟೀ ಅಂಗಡಿಯವನು ಒಂದು ಬಕೆಟ್ ನೀರು ತಂದು ಸುರಿದ. ಸೈಲೆನ್ಸರು ಚುಂಯ್ ಎಂದಿತು.

ಅದೇ ಹೊತ್ತಿಗೆ ಮೇಡಂ ಕಚೇರಿಯಿಂದ ರಸ್ತೆ ದಾಟಿ ಬಂದರು. ಹೊಗೆ ನೋಡಿದರು, ಬಕೆಟ್ ನೋಡಿದರು, ಮಂಜಪ್ಪನನ್ನು ನೋಡಿದರು. “ಇದೇನಾ ಆ ಕಾರು?” ಅಂದರು. “ಮೂರು ಗಂಟೆಗೆ ಸರ್ಟಿಫಿಕೇಟ್ ಇಟ್ಕೊಂಡು ಬನ್ನಿ. ಇಲ್ದಿದ್ರೆ ತರೀಕೆರೆಯವರೊಬ್ರು ಕೇಳ್ತಿದ್ದಾರೆ, ಅವರಿಗೆ ಹೇಳ್ಬಿಡ್ತೀನಿ” ಎಂದು ಹೊರಟುಹೋದರು.

ಮಂಜಪ್ಪನ ಮುಖ ನೋಡಲಾಗಲಿಲ್ಲ. ನಂಜುಂಡಪ್ಪನವರಿಗೂ ಕರುಳು ಚುರ್ ಎಂದಿತು. ನನ್ನನ್ನು ಪಕ್ಕಕ್ಕೆ ಕರೆದು, “ನೋಡಿ ವಿಶಾಲಮ್ಮ, ನಿಮ್ ತಂಗಿ ಮನೆ ಪ್ರಶ್ನೆ. ಎರಡೂ ಕಾರು ಪಕ್ಕಪಕ್ಕ ನಿಲ್ಲಿಸ್ತೀನಿ. ಫೋಟೋಕ್ಕೆ ಮಂಜಪ್ಪನ ನಂಬರ್ ಪ್ಲೇಟು, ಕೊಳವೆ ನನ್ ಕಾರಿಗೆ. ಈವತ್ತು ಒಂದಿನ ಕಣ್ರೀ” ಅಂದರು.

ನಿಜ ಹೇಳುತ್ತೇನೆ, ಬೇರೆಯವರಿಗೆ ಬೇಡ ಎನ್ನುವುದು ಸುಲಭ. ಗೌರಿ ನನ್ನ ಬೆನ್ನಿಗೆ ಬಿದ್ದವಳು, ನಾನು ಎತ್ತಿ ಆಡಿಸಿದವಳು. ಮಂಜಪ್ಪ ಏನೂ ಕೇಳಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಿದ್ದ. ಅವನು ಕೇಳಿದ್ದರೆ ಬೈದುಬಿಡಬಹುದಿತ್ತು.

“ಸರ್ಟಿಫಿಕೇಟ್ ಏನೋ ಕೊಟ್ಬಿಡಬೋದು” ಅಂದೆ. “ಮೂರು ಗಂಟೆಗೆ ಏರು ಹತ್ತಬೇಕಾಗಿರೋದು ಯಾವ್ದು, ಸರ್ಟಿಫಿಕೇಟಾ ಕಾರಾ?”

ಹಾಗೆಂದು ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತೆ. ಸ್ಪೀಡಿನ ಮುಳ್ಳಿನ ಪಕ್ಕದಲ್ಲಿ ಒಂದು ಮೆರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟು. ನಡುವೆ ಬಿಳಿ ಹರಳು. ತರೀಕೆರೆಯಲ್ಲಿ ನಾನೇ ಗೌರಿಗೆ ಕೊಡಿಸಿದ್ದು.

“ಇದ್ಯಾಕಪ್ಪಾ ಇಲ್ಲಿ?”

“ಅಲ್ಲೊಂದು ಹಳದಿ ದೀಪ ಉರೀತಿತ್ತು ಅಕ್ಕ. ಪೈಪ್ ಹಾಕ್ಸಿದ್ ಮಾರ್ನೇ ದಿನದಿಂದ. ಕಣ್ಣಿಗ್ ಚುಚ್ಚುತ್ತೆ ಅಂದೆ, ಗೌರಿ ಬೊಟ್ಟು ಅಂಟಿಸಿದ್ಲು. ಚೆನ್ನಾಗ್ ಕೂತ್ಕೊಂತು. ಕಾರ್ ಹತ್ತಿದವ್ರು ದೇವ್ರು ಅಂತ ಕೈನೂ ಮುಗೀತಾರೆ.”

ಬೊಟ್ಟು ಕಿತ್ತೆ. ಇಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಹೇಳುವ ದೀಪ ದೇವರ ದೀಪದ ಹಾಗೇ ಉರಿಯುತ್ತಿತ್ತು. ರುದ್ರೇಶನ ಮುಖ ಸಪ್ಪಗಾಯಿತು. ಅವನು ತಕ್ಷಣ ಕಾರಿನಡಿ ತೂರಿದ. ಸದ್ದಿನ ಮಾತು ಬಿಟ್ಟರೆ ಅವನ ಕೆಲಸ ಗಟ್ಟಿ ಎಂದೆನಲ್ಲ. ಹೊರಗೆ ಬಂದು ತಾನೇ ಹೇಳಿದ, “ಹೊಸಾ ಪೈಪಿನ ಜಾಯಿಂಟ್ ಸರಿಯಾಗ್ ಕೂತಿಲ್ಲ ಅಕ್ಕ, ನಂದೇ ತಪ್ಪು. ಹೊಗೆ ಅಳೆಯೋ ಸೆನ್ಸರ್ ಮುಂದೆ ಹೊರಗಿನ ಗಾಳಿ ಸೇರ್ಕೋತಿದೆ. ಅದು ಪೆಟ್ರೋಲ್ ಸಾಲ್ದು ಅನ್ಕೊಂಡು ಇನ್ನೂ ಹಾಕು ಹಾಕು ಅಂತಿದೆ.” ಪೆಟ್ರೋಲು ಬೇಗ ಮುಗಿಯುತ್ತಿದ್ದ ಗುಟ್ಟು ಅದು.

“ಹಳೇ ಸೈಲೆನ್ಸರ್ ಎಲ್ಲಿ?” ಅಂದೆ.

ಮಂಜಪ್ಪ ತಲೆ ಕೆರೆದುಕೊಂಡ. “ಬಚ್ಚಲ ಮನೇಲಿ.”

“ಬಚ್ಚಲ ಮನೇಲಿ ಯಾಕೆ?”

“ಹಂಡೆ ಒಲೆ ಹೊಗೆ ಕೊಳವೆ ಒಡೆದೋಗಿತ್ತಕ್ಕ. ಇದು ಸುಮ್ನೆ ಬಿದ್ದಿತ್ತು. ಗೋಡೆಗ್ ಕೂರಿಸಿದೆ.”

ಕಾರಿನ ಸೈಲೆನ್ಸರು ಒಲೆಯಲ್ಲಿ, ಒಲೆಯ ನಾರು ಕಾರಿನಲ್ಲಿ. ನಾನು ನಗಬೇಕೋ ಅಳಬೇಕೋ ತಿಳಿಯದೆ ನಡೆ ಎಂದೆ.

ಗೌರಿ ಬಚ್ಚಲ ಮನೆಯ ಬಾಗಿಲಲ್ಲೇ ಸಿಕ್ಕಳು, ಕಣ್ಣು ಕೆಂಪು. ಕೆಲಸ ಹೋಯಿತೆಂದು ಆಗಲೇ ಸುದ್ದಿ ಮುಟ್ಟಿ ಅಳುತ್ತಿದ್ದಾಳೆ ಅಂದುಕೊಂಡೆ. “ಅಳ್ತಿಲ್ಲ ಕಣಕ್ಕ, ಹೊಗೆ. ಇವ್ರು ಈ ದರಿದ್ರದ್ದನ್ನ ಗೋಡೆಗ್ ಹಾಕಿದಾಗ್ನಿಂದ ಹೊಗೆಯೆಲ್ಲಾ ಒಳಗೇ ತಿರುಗುತ್ತೆ. ಒಲೆ ಉರಿಯಲ್ಲ, ನೀರ್ ಕಾಯಲ್ಲ” ಅಂದಳು. ಕಂಪನಿಯ ಸೈಲೆನ್ಸರಿನೊಳಗೆ ಅಡ್ಡ ತಗಡುಗಳು, ಕೋಣೆಗಳು. ಕಾರಿನ ಇಂಜಿನ್ ಒತ್ತಿ ಕಳಿಸುವ ಹೊಗೆ ಅದರಲ್ಲಿ ದಾರಿ ಮಾಡಿಕೊಂಡು ಹೋಗುತ್ತದೆ, ಪಾಪದ ಹಂಡೆ ಒಲೆಗೆ ಅಷ್ಟು ಬಲ ಎಲ್ಲಿಂದ ಬರಬೇಕು?

ಗೋಡೆಯಿಂದ ಕಿತ್ತೆವು. ಕಲ್ಲಿಗೆ ಕುಟ್ಟಿ ಮಸಿ ಉದುರಿಸಿದೆವು. ರುದ್ರೇಶ ಊಟ ಮಾಡದೆ ಕೂತು, ಜಾಯಿಂಟಿಗೆ ಹೊಸ ಗ್ಯಾಸ್ಕೆಟ್ ಹಾಕಿ ಹಳೆಯದನ್ನೇ ಕಾರಿಗೆ ಕೂರಿಸಿದ, ಬ್ಯಾಟರಿ ತಂತಿ ಕಳಚಿ ಮತ್ತೆ ಜೋಡಿಸಿದ. ಹಳದಿ ದೀಪ ಆರಿತು. ವ್ಯಾನಿನ ಹತ್ತಿರ ಬಂದಾಗ ಮೂರಕ್ಕೆ ಸ್ವಲ್ಪವೇ ಹೊತ್ತಿತ್ತು. ಮೇಡಂ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದರು.

“ಒಂದ್ಸಲ ಜೋರಾಗ್ ಒತ್ತಪ್ಪಾ, ಒಳಗಿನ ಮಸಿ ಹೋಗ್ಲಿ” ಅಂದೆ. ಎಲ್ಲರೂ ಪಕ್ಕಕ್ಕೆ ಸರಿದರು. ನಂಜುಂಡಪ್ಪನವರು ಟೀ ಲೋಟ ಹಿಡಿದು, ಈ ಸಲವಾದರೂ ಪಾಸಾಗುತ್ತದೋ ಇಲ್ಲವೋ ನೋಡೋಣವೆಂದು, ತಮ್ಮ ಮಾಮೂಲಿ ಜಾಗಕ್ಕೆ ಹೋಗಿ ನಿಂತರು. ನಾನು ಕೂಗುವಷ್ಟರಲ್ಲಿ ಮಂಜಪ್ಪ ಒತ್ತಿದ್ದ. ಅಷ್ಟು ಕುಟ್ಟಿದರೂ ಒಳಗೆ ಉಳಿದಿದ್ದ ಬಚ್ಚಲ ಮಸಿಯೆಲ್ಲ ಒಂದೇ ಉಸಿರಿಗೆ ಹೊರಬಂತು. ಹೊಗೆ ತಿಳಿಯಾದಾಗ ಬಿಳಿ ಷರಟು ಇರಲಿಲ್ಲ, ಎರಡು ಬಿಳಿ ಕಣ್ಣು ಮಾತ್ರ ಇದ್ದವು.

“ಪಾಸಾ ವಿಶಾಲಮ್ಮ?” ಅಂದರು. ಅಷ್ಟು ಆದಮೇಲೂ ಮೊದಲು ಕೇಳಿದ್ದು ಅದನ್ನೇ. ಅದಕ್ಕೇ ಹೇಳಿದ್ದು, ಕೆಟ್ಟವರಲ್ಲ ಎಂದು.

ಕೊಳವೆ ಹಾಕಿದೆ. ಅಂಕಿಗಳು ಸ್ವಲ್ಪ ಹೊತ್ತು ಕುಣಿದು ಕೆಳಗಿಳಿದವು. ಪಾಸು. ಸರ್ಟಿಫಿಕೇಟ್ ಮಂಜಪ್ಪನ ಕೈಗೆ ಕೊಟ್ಟೆ.

ಮೇಡಂ ಮತ್ತು ಮೂವರು ಸಿಬ್ಬಂದಿ ಹತ್ತಿ ಹೊರಟರು. ಆಮೇಲಿನದನ್ನು ಸಂಜೆ ಮಂಜಪ್ಪನೇ ಹೇಳಿದ. ಊರಾಚೆಯ ಏರನ್ನು ಕಾರು ಎರಡನೇ ಗೇರಿನಲ್ಲಿ ಗುನುಗಿಕೊಂಡು ಹತ್ತಿತಂತೆ. ಹೋಗುವಾಗ ಮೇಡಂ ಫೋನಿನಲ್ಲಿ ಮಾತಾಡಿದರಂತೆ. ವಾಪಸ್ ಬರುವಾಗ ಮಾತೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದಾರೆ. ಕೋಪ ಬಂದಿದೆ, ಕೆಲಸ ಹೋಯಿತು ಅಂದುಕೊಂಡು ಇವನು ಬೆವರಿದ. ಕಚೇರಿ ಮುಂದೆ ಕಾರು ನಿಂತರೂ ಅವರು ಇಳಿಯಲಿಲ್ಲ. ಅವರ ಪಕ್ಕ ಕೂತಿದ್ದವರು ಮೆಲ್ಲಗೆ, “ಮೇಡಂ ನಿದ್ದೆ ಮಾಡ್ತಾವ್ರೆ ಕಣ್ರೀ” ಅಂದರು. ಎಚ್ಚರವಾದ ಮೇಲೆ ಅವರು ಸೀರೆ ಸರಿಮಾಡಿಕೊಂಡು ಇಳಿದು, “ಸೋಮವಾರದಿಂದ ಬನ್ನಿ” ಎಂದರು. ಇದನ್ನು ಹೇಳುವಾಗ ಮಂಜಪ್ಪ ಅತ್ತುಬಿಟ್ಟ. ಗೌರಿಯೂ ಅತ್ತಳು. ಈ ಸಲ ಹೊಗೆಯಿಂದಲ್ಲ.

ಇನ್ನು ಆ ದಪ್ಪ ಪೈಪಿನ ಗತಿ. ಬಚ್ಚಲ ಗೋಡೆಯಲ್ಲಿ ತೂತು ಹಾಗೇ ಇತ್ತಲ್ಲ, ಗೌರಿ ಅದನ್ನೇ ಅಲ್ಲಿ ಕೂರಿಸಿಕೊಡಿ ಎಂದು ಹಟ ಹಿಡಿದಳು. ಮುಂದಿನ ಬುಧವಾರ ಅವರ ಮನೆಗೆ ಹೋದಾಗ ರುದ್ರೇಶನೇ ಕೂರಿಸುತ್ತಿದ್ದ. ಗೌರಿ ಪೈಪಿನಿಂದ ಕಿತ್ತು ಒಣಗಿಸಿದ್ದ ಅದೇ ನಾರನ್ನು ಒಲೆಗೆ ಹಾಕಿ ಕಡ್ಡಿ ಗೀರಿದಳು. ಭುಸ್ ಎಂದು ಉರಿ ಎದ್ದಿತು, ಒಳಗೆ ಒಂದೆಳೆ ಹೊಗೆ ಇಲ್ಲ. ಮಾತಾಡುತ್ತ ಕೂತು ಏಳುವಷ್ಟರಲ್ಲಿ ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು. ಇಷ್ಟು ವರ್ಷ ಎಷ್ಟೋ ದಪ್ಪ ಪೈಪುಗಳಿಗೆ ಕೊಳವೆ ತೂರಿಸಿದ್ದೇನಮ್ಮ, ತರೀಕೆರೆಯ ಆ ಜೀಪೊಂದನ್ನು ಬಿಟ್ಟರೆ, ಕೊಚ್ಚಿಕೊಂಡಿದ್ದು ನಿಜವಾದದ್ದನ್ನು ನಾನು ನೋಡಿದ್ದು ಆ ಒಲೆಯಲ್ಲಿ ಮಾತ್ರ.

ರುದ್ರೇಶ ಅಂಗಳಕ್ಕೆ ಹೋಗಿ, ಗೋಡೆಯಾಚೆ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದ ತನ್ನ ಪೈಪನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ನಾನ್ ಅವತ್ತೇ ಹೇಳಿರ್ಲಿಲ್ವಾ ಅಕ್ಕ, ಉಸ್ರು ಬಿಡಿಸಿದ್ರೆ ಪಿಕಪ್ ಗ್ಯಾರಂಟಿ ಅಂತ?”